ನಮ್ಮ ಮನೆಯ ಎಣಿಕೆ

ನಮ್ಮ ಓಣಿಯಲ್ಲಿ ಇಪ್ಪತ್ತೆರಡು ಮನೆ, ಹನ್ನೊಂದು ದೀಪದ ಕಂಬ. ದಿನಾ ಹೊತ್ತು ಮುಳುಗುವಾಗ ಎಣಿಕೆಯ ಫಕ್ಕೀರಪ್ಪಜ್ಜ ಬೆತ್ತ ಹಿಡಿದು ಮೇಲಿನ ತುದಿಯಿಂದ ಬರುತ್ತಾನೆ. ಒಂದೊಂದು ಬಾಗಿಲಿಗೂ ನಿಂತು, ಬೆತ್ತದಿಂದ ಮೆಟ್ಟಿಲು ಬಡಿದು, "ಎಷ್ಟು ಮಂದಿ?" ಎಂದು ಕೇಳುತ್ತಾನೆ. ಆ ಮನೆಯಲ್ಲಿ ಮಾತು ಬಂದವರ ಪೈಕಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರೇ ಹೊರಗೆ ಬಂದು ಹೇಳಬೇಕು. ದೊಡ್ಡವರು ಹೇಳಿದರೆ ನಡೆಯುವುದಿಲ್ಲ. ಕೊನೆಯ ಮನೆಯವರು ಬಾಯಿ ಮುಚ್ಚುವಷ್ಟರಲ್ಲಿ, ಎಲ್ಲರ ಎಣಿಕೆಯೂ ಸರಿಯಿದ್ದರೆ, ಹನ್ನೊಂದು ದೀಪಗಳೂ ಒಮ್ಮೆಗೇ ಹತ್ತಿಕೊಳ್ಳುತ್ತವೆ. ಒಂದು ಮನೆಯದು ತಪ್ಪಿದರೂ ಇಡೀ ಓಣಿ ಕತ್ತಲು. ಯಾವ ಮನೆಯದು ತಪ್ಪು ಎಂಬುದನ್ನು ಮಾತ್ರ ನಾವು ನಾವೇ ಜಗಳಾಡಿ ಹುಡುಕಿಕೊಳ್ಳಬೇಕು.

ದುಡಿಯಲು ದೂರ ಹೋದವರು ಎಣಿಕೆಯಲ್ಲೇ ಇರುತ್ತಾರೆ. ಗಂಡನ ಮನೆಯಲ್ಲಿ ಒಲೆ ಹಚ್ಚಿದ ದಿನ ಮಗಳು ತವರಿನ ಎಣಿಕೆಯಿಂದ ಇಳಿಯುತ್ತಾಳೆ. ಹೊಟ್ಟೆಯಲ್ಲಿರುವ ಕೂಸನ್ನು ದೀಪ ಎಂದಿನಿಂದ ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದು ಯಾರಿಗೂ ನಿಕ್ಕಿ ಗೊತ್ತಿಲ್ಲ. ಕೆಲವರಿಗೆ ಒಂದೂವರೆ ತಿಂಗಳಿಗೆ, ಕೆಲವರಿಗೆ ಎರಡಕ್ಕೆ. ಮೂರು ದಾಟಿದ್ದನ್ನು ಕಂಡವರಿಲ್ಲ. ಆದ್ದರಿಂದ ದೀಪ ಹತ್ತದ ಸಂಜೆ ಓಣಿಯ ಹೆಂಗಸರೆಲ್ಲ ಮೊದಲು ಹೊಸ ಸೊಸೆಯಂದಿರ ಮುಖ ನೋಡುತ್ತಾರೆ. ಆ ಹುಡುಗಿಯರು ನಾಚಿ ಒಳಗೆ ಓಡುತ್ತಾರೆ. ಮರುದಿನ ಆ ಮನೆಯವರು ಒಂದು ಹೆಚ್ಚು ಹೇಳಿ, ಓಣಿಗೆಲ್ಲ ಸಕ್ಕರೆ ಹಂಚುತ್ತಾರೆ.

ನಮ್ಮಂಥ ಮಿಲಿಟರಿ ಮನೆಯವರಿಗೆ ಮಾತ್ರ ಎಣಿಕೆಯ ಹೊತ್ತು ಬಂತೆಂದರೆ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತದೆ. ನನ್ನ ಗಂಡ ಹವಾಲ್ದಾರರು. ಉತ್ತರದ ಹಿಮದ ಗಡಿಯಲ್ಲಿ ಅವರ ಕೆಲಸ. ಮದುವೆಯಾದ ಹದಿನೆಂಟು ವರ್ಷ ದಿನಾ ಸಂಜೆ ನಾನು ಒಗ್ಗರಣೆಯನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದು ಕಂಬ ನೋಡಿದ್ದೇನೆ. ಕಾಗದ ಬರುವುದಕ್ಕೆ ವಾರ ಹಿಡಿಯಬಹುದು, ಫೋನಿಗೆ ಎರಡು ದಿನ. ದೀಪಕ್ಕೆ ಅದೇ ಸಂಜೆ ಗೊತ್ತಾಗುತ್ತದೆ. ನಮ್ಮದು ಮೂರು ಮಂದಿಯ ಮನೆ: ಅವರು, ನಾನು, ನಮ್ಮ ದಾನೇಶ್ವರಿ. ಎರಡೂವರೆ ವರ್ಷದವಳಿದ್ದಾಗಿನಿಂದ ಮೆಟ್ಟಿಲ ಮೇಲೆ ನಿಂತು "ಮೂಲು" ಎನ್ನುತ್ತಿದ್ದವಳಿಗೆ ಈಗ ಹದಿನಾರು. ಹದಿಮೂರು ವರ್ಷ ಅವಳು ಬೇರೆ ಸಂಖ್ಯೆ ಹೇಳಿದವಳೇ ಅಲ್ಲ.

ಅವರು ಒಂದು ತಿಂಗಳ ರಜೆ ಮುಗಿಸಿ ಹೋಗಿ ಹದಿನೈದು ದಿನವಾಗಿತ್ತು. ಆ ಮಂಗಳವಾರ ದೀಪ ಹತ್ತಲಿಲ್ಲ.

ಫಕ್ಕೀರಪ್ಪಜ್ಜ ಎರಡನೇ ಸುತ್ತು ಬಂದ. ಎಲ್ಲರೂ ಮತ್ತೆ ಅದನ್ನೇ ಹೇಳಿದರು, ದೀಪ ಮತ್ತೆ ಹತ್ತಲಿಲ್ಲ. ಟೇಲರ್ ಮನೆಗೆ ಹೆಂಡತಿಯ ತಮ್ಮ ಬಂದು ತಿಂಗಳಾಗಿತ್ತು. ಅವನನ್ನು ನೆಂಟನೆಂದು ಬಿಡಬೇಕೋ ಮನೆಯವನೆಂದು ಹಿಡಿಯಬೇಕೋ ಎಂದು ಜಗಳ ಶುರುವಾಯಿತು. "ಉಣ್ಣಾಂವ ದಿನಾ ಇಲ್ಲೇ ಉಣತಾನ, ಎಣಿಸೂದಕ್ಕ ಮಾತ್ರ ನೆಂಟನೇನು?" ಎಂದು ಎದುರು ಮನೆಯಾಕೆ ಕೇಳಿದಳು. ಟೇಲರ್ ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕಿಟ್ಟು ಆಣೆ ಮಾಡಿದ. ನಾನು ದಾನುವಿನ ಮುಖವನ್ನೇ ನೋಡುತ್ತಿದ್ದೆ. ದಾನು ನನ್ನ ಕಡೆ ತಿರುಗಿ, "ನನ್ನ ಮುಖ ಯಾಕ ನೋಡಾಕತ್ತೀ?" ಎಂದಳು. ಬುಧವಾರವೂ ಕತ್ತಲು. ಅವಳು ಅಪ್ಪನ ಫೋನಿಗೆ ಹಚ್ಚುತ್ತಲೇ ಇದ್ದಳು, ಅದರಲ್ಲಿ ಒಬ್ಬ ಹೆಂಗಸು ಹಿಂದಿಯಲ್ಲಿ ಅದೇ ಮಾತನ್ನು ಹೇಳುತ್ತಲೇ ಇದ್ದಳು. ಗುರುವಾರ ಬೆಳಿಗ್ಗೆ ಟೇಲರನ ಮೈದುನ ಸಿಟ್ಟಾಗಿ ತನ್ನ ಊರಿಗೆ ಹೋದ. ಸಂಜೆ ದಾನು "ಮೂರು" ಎಂದಳು. ದೀಪಗಳು ಹತ್ತಿದವು. ಆವತ್ತು ನಾನು ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಶುಕ್ರವಾರ ಹನ್ನೊಂದಕ್ಕೆ ನಾನು ಸಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿದ್ದಾಗ ಫೋನು ಬಂತು. ಆ ಕಡೆಯವರ ಹಿಂದಿ ನನಗೆ ತಿಳಿಯಲಿಲ್ಲ. ಓಡುತ್ತ ಬಂದು, ನಮ್ಮ ಪಕ್ಕದ ಮನೆಯ ನಿವೃತ್ತ ಸುಬೇದಾರ್ ಬಸಲಿಂಗ ಕಾಕಾನ ಕೈಗೆ ಫೋನು ಕೊಟ್ಟೆ. ಆತ ಕಿವಿಗೆ ಹಿಡಿದವನು ಮೆಲ್ಲಗೆ ಎದ್ದು, ಬನಿಯನ್ನಿನಲ್ಲೇ ನೆಟ್ಟಗೆ ನಿಂತುಕೊಂಡ. ಅವನು ನಿಂತ ರೀತಿಯಿಂದಲೇ ನನಗೆ ತಿಳಿಯಿತು. ಮಂಗಳವಾರ ಮಧ್ಯಾಹ್ನ ಹಿಮ ಕುಸಿದಿತ್ತು. ನಾಲ್ವರು ಸಿಕ್ಕಿಕೊಂಡಿದ್ದರು. ಮೂವರ ದೇಹ ಸಿಕ್ಕಿತ್ತು, ನಮ್ಮವರದು ಸಿಕ್ಕಿರಲಿಲ್ಲ. ಬದುಕಿರುವ ಸಾಧ್ಯತೆ ಇಲ್ಲ ಎಂದು ಫೋನಿನವರು ಹೇಳಿದ್ದರು.

ನಮ್ಮ ಊರಲ್ಲಿ ಸಾವಾದ ಮನೆಯ ಮುಂದೆ ಎಣಿಕೆಯ ಹೊತ್ತಿಗೆ ಓಣಿಯವರೆಲ್ಲ ಬಂದು ನಿಲ್ಲುತ್ತಾರೆ. ಮನೆಯ ಚಿಕ್ಕವರು ಒಂದು ಕಡಿಮೆ ಹೇಳಬೇಕು. ಅದನ್ನು ಹೇಳಿದ ಮೇಲೆಯೇ ಅಳು, ಅಲ್ಲಿಯವರೆಗೆ ಯಾರೂ ದನಿ ತೆಗೆಯುವ ಹಾಗಿಲ್ಲ. ಆ ಶುಕ್ರವಾರವೂ ಹೆಂಗಸರು ತಲೆ ಮೇಲೆ ಸೆರಗು ಹೊದ್ದು, ಬಾಯಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದರು. ಫಕ್ಕೀರಪ್ಪಜ್ಜ ಮೆಟ್ಟಿಲನ್ನು ಬಡಿಯಲಿಲ್ಲ, ಬೆತ್ತವನ್ನು ಸುಮ್ಮನೆ ಊರಿದ. ದಾನು ಹೊರಗೆ ಬಂದು, "ಮೂರು," ಎಂದಳು.

"ಮಗಳ," ಎಂದ ಅಜ್ಜ, "ಇನ್ನೊಮ್ಮೆ ಕೇಳತೀನಿ."

"ನೂರು ಸಲ ಕೇಳು ಅಜ್ಜ. ಮೂರು."

ಅಜ್ಜ ಮುಂದೆ ಹೋದ. ಕೊನೆಯ ಮನೆಯ ಸಂಖ್ಯೆ ಕೇಳಿಸಿತು. ಹನ್ನೊಂದು ದೀಪಗಳೂ ಹತ್ತಿದವು.

ದಾನುವೇ ಎಲ್ಲರಿಗೂ ಬಿಡಿಸಿ ಹೇಳಿದಳು, ಸಾಲೆಯಲ್ಲಿ ಲೆಕ್ಕ ಬಿಡಿಸುವವಳ ಹಾಗೆ. "ಮಂಗಳವಾರ ಅಪ್ಪ ಹಿಮದ ಕೆಳಗ ಹೋದ. ದೀಪ ಹತ್ತಲಿಲ್ಲ. ಬುಧವಾರನೂ ಹತ್ತಲಿಲ್ಲ, ಅಷ್ಟೊತ್ತಿಗೆ ಉಸುರು ನಿಂತಂಗ ಆಗಿರಬೇಕು. ಗುರುವಾರ ಹತ್ತಿತು. ಅಂದ್ರ ಹೊರಗ ಬಂದಾನ. ಎಲ್ಲೋ ಅದಾನ." ಬಸಲಿಂಗ ಕಾಕಾ ತನ್ನ ಕಾಲದಲ್ಲಿ ನಾಯಕ್ ದರ್ಜೆಯ ಒಬ್ಬ ಸಿಪಾಯಿ ಹಿಮದ ಕೆಳಗಿನಿಂದ ನಾಲ್ಕನೇ ದಿನ ಎದ್ದು ಬಂದಿದ್ದನ್ನು ನೆನಪು ಮಾಡಿಕೊಂಡ. ಟೇಲರ್ ನನ್ನ ಹತ್ತಿರ ಬಂದು, "ನೋಡ್ರಿ ಅಕ್ಕಾರ, ನನ್ನ ಮೈದುನನ ತಪ್ಪಿರಲಿಲ್ಲ," ಎಂದ. ಅಳುವುದಕ್ಕೆಂದು ಬಂದವರು ನಗುತ್ತ ಮನೆಗೆ ಹೋದರು.

ಅದಾಗಿ ಐವತ್ತು ದಿನ. ಸೈನ್ಯದವರು ಹುಡುಕುವುದನ್ನು ನಿಲ್ಲಿಸಿದರು. ತಿಂಗಳಾದ ಮೇಲೆ ಇಬ್ಬರು ಬಂದು, ನಮ್ಮವರ ಕಬ್ಬಿಣದ ಟ್ರಂಕನ್ನು ತಂದಿಟ್ಟು, ತಲೆ ಬಗ್ಗಿಸಿ ಹೋದರು. ದಾನು ಅದರ ಬೀಗ ತೆಗೆಯಲು ಬಿಡಲಿಲ್ಲ. ಕಾಲೇಜಿಗೆ ಹೋಗುವುದನ್ನೂ ಬಿಟ್ಟಳು. ಗೋಡೆಗೆ ಒಂದು ಭೂಪಟ ಅಂಟಿಸಿ, ಹಿಮದ ಇಳಿಜಾರಿನ ಕೆಳಗೆ ಯಾವ ಹಳ್ಳಿಗಳಿವೆ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತ ಕೂತಳು. ಅಪ್ಪನ ತುಕಡಿಗೆ ಒಂಬತ್ತು ಪತ್ರ ಬರೆದಳು. ಎರಡಕ್ಕೆ ಉತ್ತರ ಬಂತು. ಎರಡೂ ಬಹಳ ಮರ್ಯಾದೆಯಿಂದ ಬರೆದವು, ಎರಡರಲ್ಲೂ ಇಲ್ಲವೆಂದೇ ಇತ್ತು. "ಅವರಿಗೆ ನಮ್ಮ ದೀಪ ಗೊತ್ತಿಲ್ಲಲ್ಲ," ಎಂದು ಮಡಚಿಟ್ಟಳು.

ನಾನು ನಂಬಿದ್ದೆನೇ ಎಂದು ಕೇಳಿದರೆ ಏನು ಹೇಳಲಿ? ದೀಪ ತಪ್ಪು ಹೇಳಿದ್ದನ್ನು ನಾನೂ ಕಂಡಿಲ್ಲ, ನನ್ನ ಅತ್ತೆಯೂ ಕಂಡಿರಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ. ಮುನ್ನೂರು ಮಕ್ಕಳಿಗೆ ಅನ್ನ ಬೇಯಿಸುತ್ತಿದ್ದೆ, ಮಧ್ಯಾಹ್ನ ಪಾತ್ರೆ ತಿಕ್ಕುತ್ತಿದ್ದೆ. ಸಂಜೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದೆ. ಅವಳು "ಮೂರು" ಎಂದಾಗಿನಿಂದ ಕೊನೆಯ ಮನೆಯವರು ಹೇಳುವವರೆಗೆ ನಾನು ಕಂಬದ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ. ಇವತ್ತು ಹತ್ತದಿದ್ದರೆ? ದಾನು ಮಾತ್ರ ಕಂಬದ ಕಡೆ ನೋಡುತ್ತಲೂ ಇರಲಿಲ್ಲ, ಹೇಳಿ ಒಳಗೆ ಹೋಗಿಬಿಡುತ್ತಿದ್ದಳು.

ಕೊನೆಗೆ ಅವಳು ತಾನೇ ಹುಡುಕಲು ಹೊರಟಳು. ಬಸಲಿಂಗ ಕಾಕಾ ಜೊತೆಗೆ ಹೋಗಲು ಒಪ್ಪಿದ. ಸೋಮವಾರ ಬೆಳಗಿನ ರೈಲು, ಮೂರು ದಿನದ ದಾರಿ, ಆಮೇಲೆ ಬಸ್ಸು, ಆಮೇಲೆ ಕಾಲ್ನಡಿಗೆ. "ಅಲ್ಲಿಯ ಮಂದಿ ನನಗ ಗೊತ್ತು, ನೀಲವ್ವ. ಹಳ್ಳಿ ಹಳ್ಳಿ ಕೇಳಿಸಿ ಬರತೀನಿ. ನಿನ್ನ ಮಗಳು ನನ್ನ ಮಗಳು," ಎಂದ. ಅವನಿಗೆ ಎಪ್ಪತ್ತೆರಡು, ಮೆಟ್ಟಿಲು ಹತ್ತಿದರೆ ಏದುಸಿರು. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮವರು ನಿಜವಾಗಿ ಎಲ್ಲೋ ಒಂದು ಗುಡಿಸಲಲ್ಲಿ ಮಲಗಿದ್ದರೆ? ದಾರಿಗೆಂದು ನಲವತ್ತು ಖಡಕ್ ರೊಟ್ಟಿ ಬಡಿದೆ, ಶೇಂಗಾ ಚಟ್ನಿ ಕುಟ್ಟಿದೆ, ಅವಳ ಎರಡು ಸ್ವೆಟರಿಗೆ ಗುಂಡಿ ಹಚ್ಚಿದೆ. ಗುಂಡಿ ಹಚ್ಚುವಾಗ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಶನಿವಾರ ಸಾಲೆಯಲ್ಲಿ ಅಕ್ಕಿಯ ಚೀಲಕ್ಕೆ ಒರಗಿ ಕೂತಿದ್ದೆ. ನನ್ನ ಜೊತೆ ಹನ್ನೆರಡು ವರ್ಷದಿಂದ ಅಡುಗೆ ಮಾಡುವ ಮಾಬೂಬಿ ಸೌಟು ಹಿಡಿದು ಮುಂದೆ ಬಂದು ನಿಂತಳು.

"ಏನು ತಿನ್ನಾಕತ್ತೀ?"

"ನಾಕು ಕಾಳು ಅಕ್ಕಿ."

"ವಾರದಿಂದ ನೋಡಾಕತ್ತೀನಿ. ನಾಕು ಕಾಳಲ್ಲ, ದಿನಾ ನಾಕು ಮುಷ್ಟಿ. ದಾನು ಹೊಟ್ಟ್ಯಾಗ ಇದ್ದಾಗ ಹಸಿ ಅಕ್ಕಿ ತಿಂದು ತಿಂದು ಅತ್ತಿ ಕೈಲಿ ಬೈಸಿಕೊಂಡಿದ್ದೆ ಅಂತ ನೀನ ಹೇಳಿದ್ದಿ. ಮುಟ್ಟಾಗಿ ಎಷ್ಟು ದಿನಾ ಆತು?"

"ನಲವತ್ತೊಂದು ವರ್ಷ ಆತು ಮಾಬೂ ನನಗ. ಮುಟ್ಟ ನಿಂತಿರಬೇಕು. ಈ ಸಂಕಟದಾಗ ಯಾರು ದಿನ ಎಣಿಸತಾರ?"

"ನೀ ಎಣಿಸಬ್ಯಾಡ. ನರ್ಸಮ್ಮ ಎಣಿಸತಾಳ. ನಡಿ."

ಪಾತ್ರೆಗಳನ್ನು ಹಾಗೇ ಬಿಟ್ಟು ನನ್ನನ್ನು ಎಳೆದುಕೊಂಡೇ ಹೋದಳು. ಆಸ್ಪತ್ರೆಯ ನರ್ಸ್ ಹುಡುಗಿ ಪರೀಕ್ಷೆ ಮಾಡಿ, ಹೊಟ್ಟೆ ಮುಟ್ಟಿ, ಚೀಟಿ ಬರೆದಳು. ಮೂರು ತಿಂಗಳು ತುಂಬಿದೆ. ಹೊರಗಿನ ಬೆಂಚಿನ ಮೇಲೆ ಮಾಬೂಬಿ ನನ್ನ ಕೈ ಹಿಡಿದು ಕೂತಳು. ಅವಳು ಬೇರೆ ಓಣಿಯವಳಾದರೂ ಊರಿಗೆಲ್ಲ ಎಣಿಕೆಯ ರೀತಿ ಒಂದೇ. ನಾವಿಬ್ಬರೂ ಬಾಯಿ ಬಿಡದೆ ಒಂದೇ ಲೆಕ್ಕ ಮಾಡುತ್ತಿದ್ದೆವು. ಮಂಗಳವಾರ ಅವರು ಹೋದರು, ನಾವು ಎರಡಾದೆವು. ದಾನು ಮೂರು ಎಂದಳು, ಕತ್ತಲು. ಬುಧವಾರವೂ ಎರಡೇ. ಗುರುವಾರ ದೀಪ ಹೊಟ್ಟೆಯಲ್ಲಿದ್ದ ಇದನ್ನು ಎಣಿಸಿಕೊಂಡಿತು. ಮತ್ತೆ ಮೂರಾದೆವು.

"ಆಕಿಗೆ ಹೆಂಗ ಹೇಳಲಿ?" ಎಂದೆ.

ಮಾಬೂಬಿ ನನ್ನ ಕೈ ಬಿಡಲಿಲ್ಲ. "ಹೇಳದಿದ್ರ ಆ ಹುಡುಗಿ ಹಿಮದಾಗ ಹೆಣ ಹುಡುಕಾಕ ಹೊಕ್ಕೈತಿ, ಜೋಡಿ ಆ ಮುದುಕ. ಹೇಳು. ಬೈದ್ರ ಬೈಸಿಕೋ."

ಶನಿವಾರ ನಾನು ಹೇಳಲಿಲ್ಲ. ದಾನು ಚೀಲ ತುಂಬಿ, ತೆಗೆದು, ಮತ್ತೆ ತುಂಬುತ್ತಿದ್ದಳು. ಅಪ್ಪನಿಗೆಂದು ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಂಡಿದ್ದಳು. ಐವತ್ತು ದಿನದಲ್ಲಿ ಮೊದಲ ಸಲ ಅವಳ ಮುಖಕ್ಕೆ ಕಳೆ ಬಂದಿತ್ತು. ಭಾನುವಾರ ಬೆಳಿಗ್ಗೆಯೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಬೇಕೆಂದುಕೊಂಡೆ. ಅವಳು, "ಅಪ್ಪಗ ಚಟ್ನಿ ಖಾರ ಆಗಬೇಕು, ಇನ್ನಷ್ಟು ಮೆಣಸಿನಕಾಯಿ ಹಾಕಬೇಕಿತ್ತು," ಎಂದಳು. ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಎಣಿಕೆಗೆ ಇನ್ನೊಂದು ತಾಸಿದೆ ಎನ್ನುವಾಗ, ಇನ್ನು ತಡೆದರೆ ಇವಳು ಕೈಗೆ ಸಿಗುವುದಿಲ್ಲ ಎನಿಸಿ, ಆಸ್ಪತ್ರೆಯ ಚೀಟಿಯನ್ನು ಅವಳ ಮುಂದೆ ಇಟ್ಟೆ.

ಅವಳು ಓದಿದಳು. ಮೊದಲು ಏನೂ ತಿಳಿಯದವಳ ಹಾಗೆ ನನ್ನನ್ನು ನೋಡಿದಳು. ಆಮೇಲೆ ಅವಳ ತುಟಿಗಳು ಅಲುಗಿದವು. ಮಂಗಳವಾರ, ಬುಧವಾರ, ಗುರುವಾರ. ನನಗಿಂತ ಬೇಗ ಮುಗಿಸಿದಳು.

"ನಾಳೆ ಹೊಂಟೀನಿ ಅಂತ ಇವತ್ತ ಹುಡುಕಿ ತಂದೇನು ಇದನ್ನ?"

"ನಿನ್ನೆ ಗೊತ್ತಾತು, ದಾನು. ಖರೇನ ನಿನ್ನೆ."

"ನಿನಗ ನಾ ಹೋಗೂದು ಬ್ಯಾಡ. ಅಷ್ಟ."

"ಬ್ಯಾಡ. ಹೌದು, ಬ್ಯಾಡ."

"ಅಪ್ಪನ ಜಾಗಾಕ್ಕ ಇದನ್ನ ಕುಂಡ್ರಿಸಿ ಎಣಿಸಾಕತ್ತೀ. ಅಪ್ಪಗ ಗೊತ್ತಾದ್ರ ಏನಂದಾನು?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಎದ್ದು ಗೋಡೆಯ ಭೂಪಟದ ಮುಂದೆ ನಿಂತಳು. ತಿರುಗಿದಾಗ ಅವಳ ಕಣ್ಣು ಎಲ್ಲೋ ನೆಟ್ಟಿತ್ತು. "ದೀಪ ಇದನ್ನ ಇನ್ನೂ ಎಣಿಸಿರಲಿಕ್ಕಿಲ್ಲ. ಎಲ್ಲಾರಿಗೂ ಒಂದ ದಿನಕ್ಕ ಎಣಿಸತೈತೇನು? ನಿನಗ ವಯಸ್ಸಾಗೇತಿ, ತಡಾ ಆಗಿರಬಹುದು. ನಿನ್ನೆ ತನಕ ಅಪ್ಪ, ನೀ, ನಾ. ಇವತ್ತಿಂದ ಇದೂ ಹಿಡಿದು ನಾಲ್ಕು. ನಾ ಇವತ್ತ ನಾಲ್ಕು ಹೇಳತೀನಿ."

"ಮೂರು ತಿಂಗಳು ತುಂಬಿ..."

"ನಾಲ್ಕು ಹೇಳತೀನಿ, ಅವ್ವಾ."

ಹೊಸ್ತಿಲ ಮೇಲೆ ಹೋಗಿ ಕೂತಳು. ಸತ್ಯ ಹೇಳುತ್ತೇನೆ, ಆ ಒಂದು ತಾಸು ನಾನು ದೇವರ ಮುಂದೆ ಕೂತು ನಾಲ್ಕಾಗಲಿ ಎಂದು ಬೇಡಿಕೊಂಡೆ. ಆಗದೆಂದು ತಿಳಿದೂ ಬೇಡಿಕೊಂಡೆ. ಈ ವಯಸ್ಸಿನಲ್ಲಿ ಹೆರಬೇಕು, ಹೆತ್ತ ಮೇಲೆ ಬೆಳಿಗ್ಗೆ ಐದಕ್ಕೆ ಯಾರ ಕೈಗೆ ಕೊಟ್ಟು ಕೆಲಸಕ್ಕೆ ಹೋಗಬೇಕು ಎಂಬ ಚಿಂತೆಗಳೆಲ್ಲ ಸಾಲಾಗಿ ನಿಂತಿದ್ದವು. ಅವಕ್ಕೆ ತಡೆಯಿರಿ ಎಂದೆ.

ಮೇಲಿನ ತುದಿಯಿಂದ ಬೆತ್ತದ ಸದ್ದು ಬಂತು. ಏಳು, ಐದು, ಒಂಬತ್ತು. ಬಸಲಿಂಗ ಕಾಕಾನ ಹೆಂಡತಿ ಎರಡು ಎಂದಳು. ಮೆಟ್ಟಿಲ ಮೇಲೆ ಬೆತ್ತ ಬಡಿಯಿತು.

"ಎಷ್ಟು ಮಂದಿ?"

"ನಾಲ್ಕು."

ಅಜ್ಜ ತಲೆಯೆತ್ತಿದ. ಅವಳನ್ನು ನೋಡಿದ. ಬಾಗಿಲಲ್ಲಿದ್ದ ನನ್ನನ್ನು ನೋಡಿದ. ನಲವತ್ತು ವರ್ಷ ಎಣಿಕೆ ಕೇಳಿದವನು, ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಏನೂ ಕೇಳದೆ ಮುಂದೆ ನಡೆದ. ಆರು, ಮೂರು, ಎಂಟು. ಟೇಲರನ ಸಣ್ಣ ಮಗಳು ನಾಲ್ಕು ಎಂದಳು. ಕೊನೆಯ ಮನೆಯಿಂದ ಐದು ಎಂದು ಕೇಳಿಸಿತು.

ದೀಪ ಹತ್ತಲಿಲ್ಲ.

ಯಾರೂ ಜಗಳ ತೆಗೆಯಲಿಲ್ಲ. ಯಾರ ಮನೆಯ ನೆಂಟರ ಸುದ್ದಿಯೂ ಬರಲಿಲ್ಲ. ಅಜ್ಜ ಮತ್ತೆ ಮೇಲಿನ ತುದಿಗೆ ಹೋಗಿ ಎರಡನೇ ಸುತ್ತು ಶುರು ಮಾಡಿದ. ಈ ಸಲ ಒಬ್ಬೊಬ್ಬರೂ ತಮ್ಮ ಸಂಖ್ಯೆಯನ್ನು ಎಷ್ಟು ಮೆಲ್ಲಗೆ ಹೇಳುತ್ತಿದ್ದರೆಂದರೆ, ಮಲಗಿದ ಕೂಸಿನ ಪಕ್ಕ ಮಾತಾಡುತ್ತಿದ್ದ ಹಾಗಿತ್ತು. ನಮ್ಮ ಮೆಟ್ಟಿಲಿಗೆ ಬಂದಾಗ ಪೂರ್ತಿ ಕತ್ತಲಾಗಿತ್ತು. ಬೆತ್ತ ಬಡಿಯಿತು.

ದಾನು ಮಾತಾಡಲಿಲ್ಲ.

"ನಾ ಹೇಳತೀನಿ ಯಜ್ಜ," ಎಂದೆ. "ಇವತ್ತೊಂದಿನ ನಾ ಹೇಳತೀನಿ. ಆಕಿ ಸಣ್ಣಾಕಿ."

"ಸಣ್ಣಾಕಿ ಅಂತನ ಆಕಿ ಹೇಳಬೇಕು, ನೀಲವ್ವ," ಎಂದ ಅಜ್ಜ. ಅವನ ದನಿಯಲ್ಲಿ ಗಡಸು ಇರಲಿಲ್ಲ. "ನೀ ಹೇಳಿದ್ರ ಹತ್ತಾಂಗಿಲ್ಲ. ನನಗೂ ಬ್ಯಾರೆ ದಾರಿ ಗೊತ್ತಿಲ್ಲ." ಹಾಗೆಂದು, ನಾನು ಕಂಡಂತೆ ಯಾರ ಮನೆಯ ಮುಂದೆಯೂ ಎಂದೂ ಕೂರದಿದ್ದವನು, ಬೆತ್ತವನ್ನು ಪಕ್ಕಕ್ಕಿಟ್ಟು ನಮ್ಮ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ. "ಅವಸರ ಇಲ್ಲ, ಮಗಳ."

ಆಚೆ ಈಚೆ ಬಾಗಿಲುಗಳು ಕಿರುಗುಟ್ಟಿದವು. ಯಾರೂ ಒಳಗೆ ಹೋಗುತ್ತಿರಲಿಲ್ಲ. ಒಬ್ಬೊಬ್ಬರಾಗಿ ತಂತಮ್ಮ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಬಸಲಿಂಗ ಕಾಕಾ ನಮ್ಮ ಕಟ್ಟೆಯ ತುದಿಗೆ ಬಂದು ನಿಂತವನು, ಸ್ವಲ್ಪ ಹೊತ್ತಿನ ಮೇಲೆ, "ನಾಳಿನ ರೈಲಿಂದು ನಾ ನೋಡಿಕೊಳತೀನಿ," ಎಂದಷ್ಟೇ ಹೇಳಿ ಮುಖ ಆ ಕಡೆ ಮಾಡಿದ. ನಾನು ಹೋಗಿ ಹೊಸ್ತಿಲ ಮೇಲೆ ದಾನುವಿನ ಪಕ್ಕಕ್ಕೆ ಕೂತೆ. ಮುಟ್ಟಿದರೆ ಕೈ ತೆಗೆದುಬಿಡುತ್ತಾಳೇನೋ ಎಂದು ಮುಟ್ಟಲಿಲ್ಲ. ಅವಳೇ ಸರಿದು ಬಂದಳು.

"ಅವ್ವಾ."

"ಹೂಂ."

"ನಾ ಹೇಳೂ ತನಕ ನಾಲ್ಕು ಮಂದಿ ಹೌದಲ್ಲ?"

"ಹೌದು," ಎಂದೆ.

"ಹಂಗಾರ ಸ್ವಲ್ಪ ಹೊತ್ತು ಇರಲಿ."

ಇದ್ದೆವು. ಅವಳು ತನ್ನ ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟಳು. ಅಷ್ಟು ಬೇಗ ಏನೂ ತಿಳಿಯುವುದಿಲ್ಲ ಎಂದು ಹೇಳಬೇಕೆಂದಿದ್ದೆ, ಹೇಳದೆ ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ. ರಜೆಗೆ ಬಂದಾಗ ಅವರು ಕೂರುತ್ತಿದ್ದುದು ನನ್ನ ಈ ಕಡೆ, ಗೋಡೆಯ ಮಗ್ಗುಲು. ಅಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಓಣಿಯಲ್ಲಿ ಯಾರೋ ಕೆಮ್ಮಿದರು. ಯಾರದೋ ಒಲೆಯ ಮೇಲೆ ಬೇಳೆ ಹೊತ್ತುತ್ತಿತ್ತು, ಇಳಿಸಲು ಯಾರೂ ಏಳಲಿಲ್ಲ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ದಾನು ಮೂಗು ಒರೆಸಿಕೊಂಡಳು. ನನ್ನ ಭುಜದ ಮೇಲೆ ಭಾರ ಹಾಕಿ ಎದ್ದು ನಿಂತಳು, ಲಂಗದ ಧೂಳು ಕೊಡವಿದಳು. ಕೆಳಗಿನ ಮೆಟ್ಟಿಲಿನಿಂದ ಫಕ್ಕೀರಪ್ಪಜ್ಜನೂ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದ.

"ಕೇಳು, ಯಜ್ಜ," ಎಂದಳು.